ಫ್ಲೆಕ್ಸಿನಲ್ಲಿದ್ದ ಮೆಡಿಕಲ್ ಸೀಟು

ಅಮೆರಿಕದ ಫ್ರೀಮಾಂಟಿನ ದುರ್ಗದಬೈಲ್ ಗ್ರೋಸರಿಯಲ್ಲಿ, ಸಿದ್ಧಾರೂಢ ಕೂರುವ ಕೌಂಟರಿನ ಹಿಂದೆ, ಅಕ್ಕಿ ಚೀಲಗಳ ಅಟ್ಟಿಯ ಮೇಲೆ, ಆರಡಿ ಉದ್ದದ ಒಂದು ಫ್ಲೆಕ್ಸು ಎರಡು ವರ್ಷದಿಂದ ತೂಗುತ್ತಿತ್ತು. ಎಡಕ್ಕೆ ಅವನ ಮಗಳು ತನ್ವಿಯ ಫೋಟೊ. ಬಲಕ್ಕೆ ಹೆಬ್ಬಾವಿನ ಗಾತ್ರದ ಸ್ಟೆತಾಸ್ಕೋಪು. ನಡುವೆ ಹಳದಿ ಅಕ್ಷರಗಳಲ್ಲಿ, ‘ಅಮೆರಿಕದ ಬರ್ಕ್ಲಿಯಲ್ಲಿ ಮೆಡಿಕಲ್ ಸೀಟು ಪಡೆದ ಕು. ತನ್ವಿಗೆ ಹಾರ್ದಿಕ ಅಭಿನಂದನೆಗಳು.’ ಕೆಳಗೆ ಶುಭ ಕೋರುವವರ ಸಾಲು: ಹುಬ್ಬಳ್ಳಿಯ ಚಿಕ್ಕಪ್ಪಂದಿರು ಮೂವರು, ಒಬ್ಬ ಸೋದರಮಾವ, ಮತ್ತೆ ತನ್ವಿ ಹುಟ್ಟಿದಾಗಿನಿಂದ ಒಮ್ಮೆಯೂ ನೋಡಿರದ ಒಬ್ಬ ಮೆಣಸಿನಕಾಯಿ ದಲಾಲ. ಫ್ಲೆಕ್ಸು ಮಾಡಿಸಿಕೊಟ್ಟವನು ಅವನೇ ಆದ್ದರಿಂದ ಅವನ ಫೋಟೊ ಚಿಕ್ಕಪ್ಪಂದಿರ ಫೋಟೊಗಳಿಗಿಂತ ದೊಡ್ಡದಿತ್ತು. ಗಮನವಿಟ್ಟು ನೋಡಿದರೆ ತನ್ವಿಯದಕ್ಕಿಂತಲೂ ಒಂದು ಬೆರಳು ದೊಡ್ಡದು.

ಫ್ಲೆಕ್ಸು ಹುಬ್ಬಳ್ಳಿಯಲ್ಲೇ ಅಚ್ಚಾಗಿ, ಒಬ್ಬ ಗಿರಾಕಿಯ ಅತ್ತೆಯ ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಪುಡಿಯ ಪಕ್ಕ ಸುರುಳಿ ಸುತ್ತಿಕೊಂಡು ಬಂದಿತ್ತು. ತೂಗುಹಾಕಿದ ಮೊದಲ ತಿಂಗಳು ಅದರ ಕೆಳಗೆ ನಿಂತವರಿಗೆಲ್ಲ ಹಸಿವಾಗುತ್ತಿತ್ತು. ಆ ತಿಂಗಳು ಅಂಗಡಿಯಲ್ಲಿ ಚಟ್ನಿಪುಡಿ ಚೆನ್ನಾಗಿ ಹೋಯಿತು. ಸಿದ್ಧಾರೂಢ ಅದನ್ನೂ ಗಮನಿಸಿದ್ದ.

ಫ್ಲೆಕ್ಸಿನಲ್ಲಿ ತೊಂದರೆ ಇದ್ದದ್ದು ಒಂದೇ. ತನ್ವಿಗೆ ಮೆಡಿಕಲ್ ಸೀಟು ಸಿಕ್ಕಿರಲಿಲ್ಲ.

ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಹೈಸ್ಕೂಲು ಮುಗಿಯುವ ವರ್ಷ, ತನ್ವಿ ಒಂದು ಸಂಜೆ ಅಂಗಡಿಗೆ ಓಡಿಬಂದು, ಬರ್ಕ್ಲಿಯಲ್ಲಿ ಅಡ್ಮಿಷನ್ ಆಯಿತು, ಮುಂದೆ ಡಾಕ್ಟರಾಗಬೇಕು ಅಂತಿದ್ದೇನೆ, ಅದಕ್ಕೆ ಬೇಕಾದ ಕ್ಲಾಸುಗಳನ್ನೆಲ್ಲ ಅಲ್ಲೇ ತಗೊಳ್ಳುತ್ತೇನೆ ಎಂದಿದ್ದಳು. ಹೇಳಿದ್ದೆಲ್ಲ ನಿಜವೇ. ಕೇಳಿಸಿಕೊಂಡವನು ಮಾತ್ರ ಹುಬ್ಬಳ್ಳಿಯವನು. ಅವನು ಕಂಡಂತೆ ಡಾಕ್ಟರಾಗುವವರು ಹದಿನೆಂಟಕ್ಕೆ ಪಿಯುಸಿ ಮುಗಿಸುತ್ತಾರೆ, ಒಂದು ಪರೀಕ್ಷೆ ಬರೆಯುತ್ತಾರೆ. ಸೀಟು ಸಿಕ್ಕರೆ ಮನೆಯಲ್ಲಿ ಹೋಳಿಗೆ, ಸಿಗದಿದ್ದರೆ ಬಿ.ಎಸ್‌ಸಿ. ಮೂರನೆಯ ಬಾಗಿಲೊಂದು ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹದಿನೆಂಟರ ಹುಡುಗಿ ಡಾಕ್ಟರಿಕೆಯ ಮಾತೆತ್ತಿಕೊಂಡು, ಅಳದೆ, ನಗುತ್ತಾ ಬಂದಿದ್ದಾಳೆ ಎಂದರೆ ಸೀಟು ಸಿಕ್ಕಿದೆ ಎಂದೇ ಲೆಕ್ಕ. ಅವಳ ಮಾತು ಮುಗಿಯುವಷ್ಟರಲ್ಲಿ ಅವನು ಧಾರವಾಡ ಪೇಢೆಯ ಡಬ್ಬಿ ಒಡೆದಾಗಿತ್ತು. ಅಂಗಡಿಯಲ್ಲಿದ್ದ ಹನ್ನೊಂದು ಗಿರಾಕಿಗಳ ಬಾಯಲ್ಲಿ ಪೇಢೆ ಇತ್ತು. ಪೇಢೆ ಬಾಯಲ್ಲಿಟ್ಟುಕೊಂಡವರನ್ನು ಕರೆದು ತಿದ್ದುಪಡಿ ಹೇಳುವುದು ಯಾರಿಂದ ಆದೀತು? ಮರುದಿನ ಹುಬ್ಬಳ್ಳಿಗೆ ಫೋನು ಹೋಯಿತು. ಮೂರು ವಾರಕ್ಕೆ ಫ್ಲೆಕ್ಸು ಬಂತು.

ಸಿದ್ಧಾರೂಢ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಅಪ್ಪನ ಒಣಮೆಣಸಿನಕಾಯಿ ಅಂಗಡಿಯಲ್ಲಿ, ಸೀನುತ್ತಾ. ಓದಿದ್ದು ಬಿ.ಕಾಂ. ಯಾಕೆ ಬಿ.ಕಾಂ. ಎಂದು ಯಾರಾದರೂ ಕೇಳಿದರೆ, “ವ್ಯಾಪಾರ ನಮ್ಮ ರಕ್ತದಾಗ ಐತ್ರೀ” ಎನ್ನುತ್ತಿದ್ದ. ಅದು ಪೂರ್ತಿ ನಿಜವಲ್ಲ. ಆದರೆ ಇಷ್ಟು ವರ್ಷದಲ್ಲಿ ಯಾರೂ ರಸೀದಿ ಕೇಳಿರಲಿಲ್ಲ. ಹೆಂಡತಿ ರಂಜನಿಯ ಅಣ್ಣ ಇಲ್ಲಿ, ಅಮೆರಿಕದಲ್ಲಿ, ಅಂಗಡಿ ಇಟ್ಟಿದ್ದ. ಸಿದ್ಧಾರೂಢ ಅಲ್ಲಿ ಕೆಲಸಕ್ಕೆ ನಿಂತ. ನಿಂತ ಮೊದಲ ದಿನದಿಂದ ಅವನಿಗೊಂದು ಚಟ. ಹೊಸ ಗಿರಾಕಿ ಯಾರೇ ಬರಲಿ, “ಹೈವೇದ ಯಾವ ಎಕ್ಸಿಟ್ ಬಾಜೂಕ ನಿಮ್ಮ ಮನಿ ಐತ್ರೀ?” ಎಂದು ಕೇಳುವುದು, ಅವರು ಹೋದಮೇಲೆ ಖಾಲಿ ರಟ್ಟಿನ ಪೆಟ್ಟಿಗೆಯೊಂದರ ಒಳಮೈಮೇಲೆ ಒಂದು ಚುಕ್ಕೆ ಇಡುವುದು. ರಟ್ಟಿನ ಮೇಲೆ ಎರಡು ಹೆದ್ದಾರಿ ಗೀರಿ, ಆರು ತಿಂಗಳು ಚುಕ್ಕೆ ಇಟ್ಟ. ಚುಕ್ಕೆಗಳು ದಟ್ಟವಾಗಿದ್ದೂ ಅಂಗಡಿಯೇ ಇಲ್ಲದ ಜಾಗ ಎಲ್ಲಿತ್ತೋ, ಅಲ್ಲಿ ತನ್ನದೊಂದು ತೆರೆದ. ಭಾವಮೈದುನನ ಅಂಗಡಿ ಮೂರು ವರ್ಷದಲ್ಲಿ ಮುಚ್ಚಿತು. ಇವನದು ಇನ್ನೂ ಇದೆ. ಆ ರಟ್ಟು ಕೂಡ ಬೇಳೆ ಡಬ್ಬಗಳ ಹಿಂದೆ ಇದೆ, ತುಸು ಎಣ್ಣೆ ಹಿಡಿದಿದೆ.

ಹೀಗೆ ಕಣ್ಣು ಚುರುಕಿದ್ದ ಮನುಷ್ಯ ಮಗಳ ವಿಚಾರದಲ್ಲಿ ಎರಡು ವರ್ಷ ಕಣ್ಣು ಮುಚ್ಚಿ ವ್ಯಾಪಾರ ಮಾಡಿದ್ದು ಹೇಗೆ ಎಂಬುದು ಅವನಿಗೇ ಗೊತ್ತಾಗಲಿಲ್ಲ. ತನ್ವಿ ಬರ್ಕ್ಲಿಯಲ್ಲೇ ಕಾಲೇಜಿನ ಹಾಸ್ಟೆಲಿನಲ್ಲಿ ಇರುತ್ತಿದ್ದಳು. ಫೋನಿನಲ್ಲಿ ಕೆಮಿಸ್ಟ್ರಿ ಕಷ್ಟ ಎನ್ನುತ್ತಿದ್ದಳು. ಡಾಕ್ಟರಿಕೆ ಕಷ್ಟವೇ ಅಲ್ಲವೇ, ಎಂದು ಅವನು ಇನ್ನಷ್ಟು ಹಿಗ್ಗುತ್ತಿದ್ದ.

ಏಪ್ರಿಲ್‌ನ ಒಂದು ಭಾನುವಾರ ತನ್ವಿ ಮನೆಗೆ ಬಂದವಳು ಅಂಗಡಿಗೂ ಬಂದು, ಕೌಂಟರಿನ ಪಕ್ಕದ ಸ್ಟೂಲಿನಲ್ಲಿ ಕುಳಿತು ಬೆಲ್ಲದ ಪ್ಯಾಕೆಟ್ಟುಗಳಿಗೆ ಲೇಬಲ್ ಅಂಟಿಸುತ್ತಿದ್ದಳು. ಅಷ್ಟರಲ್ಲಿ ರಘೋತ್ತಮ ಮೇಷ್ಟ್ರು ಬಂದರು. ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾಗಿ, ಮಗನ ಮನೆಗೆಂದು ಆರು ತಿಂಗಳಿಗೆ ಬಂದವರು. ಮಗನ ಮನೆಯಲ್ಲಿ ಮಾತಾಡುವವರಿಲ್ಲದೆ ದಿನವೂ ಒಂದು ನಿಂಬೆಹಣ್ಣು ಕೊಳ್ಳಲು ನಡೆದು ಬರುತ್ತಿದ್ದರು.

“ಓ, ಡಾಕ್ಟರಮ್ಮ ಬಂದಿದಾರೆ! ನೋಡಮ್ಮ, ಈ ಎಡಗಡೆ ಮಂಡಿ. ಮೆಟ್ಲು ಇಳಿಯುವಾಗ ಕಟ್ ಅನ್ನತ್ತೆ. ಹತ್ತುವಾಗ ಇಲ್ಲ.”

“ಅಂಕಲ್, ನಾನು ಡಾಕ್ಟರ್ ಅಲ್ಲ. ನೀವು ನಿಮ್ಮ ಡಾಕ್ಟರ್‌ನ ಕೇಳ್ಬೇಕು.”

“ನೋಡಿದ್ರಾ ಸರ್?” ಎಂದ ಸಿದ್ಧಾರೂಢ ಹೆಮ್ಮೆಯಿಂದ. “ಸುಮ್ಸುಮ್ನೆ ಬಾಯಿಗೆ ಬಂದಂಗ ಹೇಳಾಕಿ ಅಲ್ಲ ನನ್ನ ಮಗಳು.”

ಮೇಷ್ಟ್ರು ನಿಂಬೆಹಣ್ಣು ಹಿಡಿದು ಹೊರಟಮೇಲೆ ತನ್ವಿ ಲೇಬಲ್ ಅಂಟಿಸುವುದನ್ನು ನಿಲ್ಲಿಸಿದಳು.

“ಅಪ್ಪಾ, ಶುಕ್ರವಾರ ನಾನು ಮೇಜರ್ ಡಿಕ್ಲೇರ್ ಮಾಡ್ಬೇಕು.”

“ಹಂಗಂದ್ರ?”

“ಯಾವ ಸಬ್ಜೆಕ್ಟಿನಲ್ಲಿ ಡಿಗ್ರಿ ಅಂತ ಕಾಲೇಜಿಗೆ ಹೇಳ್ಬೇಕು.”

“ಅವರಿಗೆ ಗೊತ್ತಿಲ್ಲೇನವಾ? ಎರಡ್ ವರ್ಷದಿಂದ ಫ್ಲೆಕ್ಸ್‌ನ್ಯಾಗ ಹಾಕೀನಿ.”

ತನ್ವಿ ತಲೆಯೆತ್ತಿ ಫ್ಲೆಕ್ಸು ನೋಡಿದಳು. ದಲಾಲ ಅವಳನ್ನು ನೋಡಿ ಮುಗುಳ್ನಗುತ್ತಿದ್ದ.

“ಅಪ್ಪಾ, ಮೆಡಿಕಲ್ ಅಂತ ಮೇಜರ್ರೇ ಇಲ್ಲ. ಮೊದ್ಲು ನಾಲ್ಕು ವರ್ಷ ಯಾವುದಾದ್ರೂ ಡಿಗ್ರಿ. ಎನಿಥಿಂಗ್. ಅದರ ಜೊತೆಗೆ ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿ ಕೆಲವು ಕ್ಲಾಸ್. ಆಮೇಲೆ ಒಂದು ಎಗ್ಸಾಮ್. ಆಮೇಲೆ ಮೆಡಿಕಲ್ ಸ್ಕೂಲಿಗೆ ಅಪ್ಲೈ ಮಾಡೋದು. ತಗೊಂಡ್ರೆ ಇನ್ನೂ ನಾಲ್ಕು ವರ್ಷ. ಐ ಟೋಲ್ಡ್ ಯು ದಿಸ್. ಪೇಢೆ ದಿನಾನೂ ಹೇಳಿದ್ದೆ.”

“ತಡಿ. ಈಗ ನಿನ್ನ ಕಡೆ ಸೀಟ್ ಐತೋ ಇಲ್ಲೋ?”

“ಇಲ್ಲ.”

“ಡಿಗ್ರಿ ಮುಗದ್ ಮ್ಯಾಲೆ?”

“ಮೇಬಿ.”

ಸಿದ್ಧಾರೂಢನ ಅಂಗಡಿಯಲ್ಲಿ ಮೂರು ಸಾವಿರ ಬಗೆಯ ಸಾಮಾನಿತ್ತು. ‘ಮೇಬಿ’ ಎಂಬುದನ್ನು ಅವನು ಎಂದೂ ತರಿಸಿರಲಿಲ್ಲ. ಅವನು ಬೆಲ್ಲದ ಪ್ಯಾಕೆಟ್ಟೊಂದನ್ನು ಎತ್ತಿ, ತಿರುಗಿಸಿ, ಅಲ್ಲೇ ಇಟ್ಟ. ಅವನ ತಲೆಯಲ್ಲಿ ಎರಡು ವರ್ಷ ಹಿಂದಕ್ಕೆ ಓಡುತ್ತಿತ್ತು. ಮಂಡಿ ತೋರಿಸಿದವರು, ಕಣ್ಣಿನ ಪೊರೆ ಕೇಳಿದವರು, ದಲಾಲ, ಪೇಢೆ. ಎಲ್ಲರೂ ಸಾಲಾಗಿ ಬಂದು ಕೌಂಟರಿನ ಮುಂದೆ ನಿಂತಂತಾಯಿತು.

“ಇರ್ಲಿ. ಯಾವ್ ಡಿಗ್ರಿ ಬರಸಾಕಿ?”

“ಜಿಯಾಗ್ರಫಿ.”

“ಭೂಗೋಳ?”

“ಹೌದು.”

ಸಿದ್ಧಾರೂಢನಿಗೆ ನೆನಪಾದದ್ದು ಏಳನೇ ಇಯತ್ತೆಯ ಭಾರತದ ನಕಾಶೆ. ನರ್ಮದಾ ನದಿಯನ್ನು ನೀಲಿ ಪೆನ್ಸಿಲ್ಲಿನಲ್ಲಿ ಬಂಗಾಳ ಕೊಲ್ಲಿಗೆ ಹರಿಸಿ ಕೈಮೇಲೆ ಪೆಟ್ಟು ತಿಂದಿದ್ದ. “ನದಿ ಗೀರಿ ಡಾಕ್ಟರ್ ಆಕ್ಕಾರೇನವಾ?”

“ನದಿ ಅಲ್ಲ ಅಪ್ಪಾ. ಜನ ಎಲ್ಲಿರ್ತಾರೆ, ಆಸ್ಪತ್ರೆ ಎಲ್ಲಿರತ್ತೆ, ಯಾಕೆ ಅಲ್ಲಿಗೆ ಹೋಗಕ್ಕಾಗಲ್ಲ. ಅದು.” ಕನ್ನಡ ಸಾಲದೆ ಅವಳು ಕೈಯಾಡಿಸಿದಳು. “ನೀ ಬ್ಯಾಡ ಅಂದ್ರೆ ಬಯಾಲಜಿ ಹಾಕ್ತೀನಿ. ನಿಜವಾಗ್ಲೂ. ಜಗಳ ಮಾಡಲ್ಲ. ಬಟ್ ಒಂದು ಕಾರಣ ಹೇಳ್ಬೇಕು. ಎಲ್ರೂ ಅದನ್ನೇ ಮಾಡ್ತಾರೆ ಅನ್ನೋದು ಕಾರಣ ಅಲ್ಲ. ಶುಕ್ರವಾರ ಬೆಳಿಗ್ಗೆ ಫೋನ್ ಮಾಡ್ತೀನಿ.”

ಅಷ್ಟು ಹೇಳಿ ಅವಳು ಸಂಜೆಯ ಬಾರ್ಟ್ ರೈಲು ಹಿಡಿದು ಬರ್ಕ್ಲಿಗೆ ಹೋದಳು. ಮಗಳ ಮುಂದಿನ ವರ್ಷಗಳೆಲ್ಲ ತನ್ನ ಒಂದು ಮಾತಿನ ಮೇಲೆ ನಿಂತಿವೆ, ಆ ಮಾತು ಏನೆಂದು ಮಾತ್ರ ತನಗೆ ಗೊತ್ತಿಲ್ಲ ಎಂಬುದು ಸಿದ್ಧಾರೂಢನಿಗೆ ಅರ್ಥವಾಗುವಷ್ಟರಲ್ಲಿ ಬೆಲ್ಲದ ಲೇಬಲ್ಲುಗಳೆಲ್ಲ ಅವನ ಅಂಗಿಗೇ ಅಂಟಿಕೊಂಡಿದ್ದವು.

ಮನೆಗೆ ಬಂದು ರಂಜನಿಗೆ ಹೇಳಿದ. ವಾರದ ಐದು ದಿನ ಡೇಕೇರಿನಲ್ಲಿ ಮಕ್ಕಳ ಮೂಗೊರೆಸುವ ರಂಜನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ನನಗ ಗೊತ್ತಿತ್ತು.”

“ಗೊತ್ತಿತ್ತಾ? ಯಾವಾಗಿಂದ?”

“ಮೊದಲಿಂದ. ಹೇಳೋಣ ಅಂತ ಬಂದ್ರ ನೀವು ಪೇಢೆ ಡಬ್ಬಿ ಹಿಡ್ಕೊಂಡ್ ಕುಣ್ಯಾಕತ್ತಿದ್ರಿ. ಆಮ್ಯಾಲೆ ಫ್ಲೆಕ್ಸ್ ಬಂತು. ಫ್ಲೆಕ್ಸ್ ಬಂದ್ ಮ್ಯಾಲೆ ಏನ್ ಹೇಳೂದ್ರೀ?”

“ಈಗ ನೀ ಏನಂತಿ? ಬಯಾಲಜಿಯೋ, ಭೂಗೋಳೋ?”

“ಅಕಿ ಕೇಳಿದ್ದು ನಿಮ್ಮನ್ನ,” ಎಂದು ರಂಜನಿ ಇನ್ನೊಂದು ರೊಟ್ಟಿ ಹೆಂಚಿಗೆ ಹಾಕಿದಳು.

ಮಾಲು ತಿಳಿಯದಿದ್ದರೆ ಮೂರು ಕಡೆ ವಿಚಾರಿಸಬೇಕು ಎಂಬುದು ಸಿದ್ಧಾರೂಢನ ಪದ್ಧತಿ. ಮೆಣಸಿನಕಾಯಿಯಲ್ಲಿ ಈ ಪದ್ಧತಿ ಅವನನ್ನು ಎಂದೂ ಕೈಬಿಟ್ಟಿರಲಿಲ್ಲ; ಬಣ್ಣಕ್ಕೆ ಯಾವುದು, ಖಾರಕ್ಕೆ ಯಾವುದು ಎಂದು ಮೂರು ಮಂದಿಯಲ್ಲಿ ಇಬ್ಬರಾದರೂ ಒಂದೇ ಮಾತು ಹೇಳುತ್ತಾರೆ. ಸೋಮವಾರ ಬೆಳಿಗ್ಗೆಯೇ ಶುರು ಮಾಡಿದ. ಸೀಟಿನ ಕಥೆ ಹೇಳದೆ, ನಮ್ಮ ಕಡೆಯವರೊಬ್ಬರ ಹುಡುಗಿ ಎಂದು ಶುರು ಮಾಡಿದ. ಎರಡನೇ ವಾಕ್ಯಕ್ಕೆ ಎಲ್ಲರಿಗೂ ಯಾರ ಹುಡುಗಿ ಎಂದು ಗೊತ್ತಾಗುತ್ತಿತ್ತು.

ರಘೋತ್ತಮ ಮೇಷ್ಟ್ರು ನಿಂಬೆಹಣ್ಣು ಒತ್ತಿ ನೋಡುತ್ತಾ ತೀರ್ಪು ಕೊಟ್ಟರು. “ಬಯಾಲಜಿ. ಇದರಲ್ಲಿ ಯೋಚನೆ ಮಾಡೋದೇನಿದೇರೀ? ಹೃದಯ ಎಡಕ್ಕಿದೆಯೋ ಬಲಕ್ಕಿದೆಯೋ ಭೂಗೋಳದಲ್ಲಿ ಬರತ್ತಾ?” ಸ್ವಲ್ಪ ತಡೆದು, “ಹಾಗಾದ್ರೆ ನಿನ್ನೆ ನಾನು ಮಂಡಿ ತೋರಿಸಿದ್ದು ಭೂಗೋಳದ ಹುಡುಗಿಗಾ?” ಎಂದರು. ಸಿದ್ಧಾರೂಢ ಅವರಿಗೆ ಒಂದು ನಿಂಬೆಹಣ್ಣು ಹೆಚ್ಚಿಗೆ ಕೊಟ್ಟ.

ಮಧ್ಯಾಹ್ನ ಬಂದವನು ಜಗನ್ನಾಥ. ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ. ಕೊತ್ತಂಬರಿ ಸೊಪ್ಪನ್ನೂ ಫೋನಿನಲ್ಲಿ ರಿವ್ಯೂ ನೋಡಿ ಕೊಳ್ಳುವ ಮನುಷ್ಯ. ಕೇಳಿದ ತಕ್ಷಣ ಗೋಡೆಗೊರಗಿ ಹುಡುಕತೊಡಗಿದ.

“ಇಂಟರೆಸ್ಟಿಂಗ್, ಸಿದ್ದಣ್ಣ. ಬಯಾಲಜಿ ಮಾಡಿದವರೇ ಜಾಸ್ತಿ ಅಪ್ಲೈ ಮಾಡ್ತಾರೆ. ಬೇರೆ ಸಬ್ಜೆಕ್ಟ್‌ನವರು ಕಮ್ಮಿ. ಆದ್ರೆ ಸೆಲೆಕ್ಟ್ ಆಗೋ ಪರ್ಸೆಂಟೇಜು ನೋಡಿದ್ರೆ ಬೇರೆಯವರದೇನೂ ಕಮ್ಮಿ ಇಲ್ಲ.”

“ಅಂದ್ರ ಭೂಗೋಳ ನಡೀತದ?”

“ಹಾಗಂತ ಹೇಳಕ್ಕಾಗಲ್ಲ. ಆ ಧೈರ್ಯ ಮಾಡೋರು ಮೊದಲೇ ಬುದ್ಧಿವಂತರಿರಬಹುದು.”

“ಹಂಗಾದ್ರ ಬಯಾಲಜಿ?”

“ಹಾಗೂ ಹೇಳಕ್ಕಾಗಲ್ಲ. ನನ್ನ ಕೇಳಿದ್ರೆ ಇಂಜಿನಿಯರಿಂಗ್ ಸೇಫು. ಡಾಕ್ಟರ್ ಆಗದಿದ್ರೆ ನಮ್ಮ ಆಫೀಸಲ್ಲೇ ರೆಫರ್ ಮಾಡ್ತೀನಿ.” ಜಗನ್ನಾಥ ಕೊತ್ತಂಬರಿ ಎತ್ತಿಕೊಂಡು ಹೋದ. ಎರಡು ಪ್ರಶ್ನೆಗೆ ಮೂರು ಉತ್ತರ ಉಳಿದವು.

ಕೊನೆಗೆ ಸಿದ್ಧಾರೂಢ ಕಾದದ್ದು ಡಾಕ್ಟರ್ ಜಹೀದಾ ಅವರಿಗಾಗಿ. ಬೆಂಗಳೂರಿನವರು, ಇಲ್ಲೇ ದೊಡ್ಡ ಆಸ್ಪತ್ರೆಯಲ್ಲಿ ಹದಿನೈದು ವರ್ಷದಿಂದ ಕೆಲಸ. ಮಂಗಳವಾರ ಸಂಜೆ ಜೋಳದ ಹಿಟ್ಟಿಗೆ ಬಂದೇ ಬರುತ್ತಾರೆ. ನೇರ ಡಾಕ್ಟರನ್ನೇ ಕೇಳಿದಮೇಲೆ ಗೊಂದಲಕ್ಕೆ ಜಾಗ ಎಲ್ಲಿ ಎಂದು ಅವನ ಲೆಕ್ಕಾಚಾರ.

“ಡಾಕ್ಟರಮ್ಮಾರೆ, ನೀವು ಡಾಕ್ಟರ್ ಆಗೂಕ್ಕಿಂತ ಮೊದಲ ಏನ್ ಡಿಗ್ರಿ ಮಾಡಿದ್ರಿ?”

ಜಹೀದಾ ಜೋರಾಗಿ ನಕ್ಕರು. “ಏನೂ ಇಲ್ಲ ಸಿದ್ದಣ್ಣ! ಪಿಯುಸಿ ಮುಗಿಸಿದೆ, ಸಿಇಟಿ ಬರೆದೆ, ಸೀದಾ ಮೆಡಿಕಲ್ ಕಾಲೇಜು. ಇಲ್ಲಿನ ಬಾಗಿಲು ಯಾವ ಕಡೆಗೆ ತೆಗೆಯತ್ತೆ ಅಂತ ನನಗೇ ಗೊತ್ತಿಲ್ಲ. ನನ್ನ ಮಗಳು ನಬೀಲಾ ಇನ್ನೂ ಏಳನೇ ಕ್ಲಾಸು. ನನಗೆ ಈಗಲೇ ಭಯ.”

“ಇಲ್ಲಿ ನಿಮ್ಮ ಜೋಡಿ ಕೆಲಸ ಮಾಡೋರು?”

“ಒಬ್ಬೊಬ್ಬರದು ಒಂದೊಂದು. ನಮ್ಮ ಹಾರ್ಟ್ ಸ್ಪೆಷಲಿಸ್ಟ್ ಇದಾರಲ್ಲ, ಅವರು ಓದಿದ್ದು ಜರ್ಮನ್ ಸಾಹಿತ್ಯ.”

“ಜರ್ಮನ್ ಸಾಹಿತ್ಯ,” ಎಂದ ಸಿದ್ಧಾರೂಢ ನಿಧಾನಕ್ಕೆ. “ಮತ್ತ ಹಾರ್ಟ್ ಯಾವಾಗ ಓದಿದ್ರು?”

“ಆಮೇಲೆ.”

ಎಲ್ಲರೂ ಹೇಳುವ ಈ ‘ಆಮೇಲೆ’ ಎಂಬುದು ಎಲ್ಲಿ ಸಿಗುತ್ತದೆ ಎಂದು ಸಿದ್ಧಾರೂಢನಿಗೆ ಕೇಳಬೇಕೆನಿಸಿತು. ಜಹೀದಾ ಹಿಟ್ಟಿನ ಚೀಲ ಎತ್ತಿಕೊಳ್ಳುತ್ತಾ, “ಮಾರ್ಕ್ಸು ಮುಖ್ಯ ಅಂತಾರೆ. ಮನಸ್ಸಿಟ್ಟು ಓದೋ ಸಬ್ಜೆಕ್ಟ್ ಆದ್ರೆ ಮಾರ್ಕ್ಸು ಬರತ್ತೆ. ಆದ್ರೆ ನನ್ನ ಮಾತು ನಂಬ್ಕೊಂಡು ಏನೂ ಮಾಡ್ಬೇಡಿ ಸಿದ್ದಣ್ಣ, ನಾನು ಈ ದಾರೀಲಿ ಬಂದವಳಲ್ಲ,” ಎಂದರು. ಇಷ್ಟು ವರ್ಷದ ವ್ಯಾಪಾರದಲ್ಲಿ ತನ್ನ ಸರಕಿನ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದವರನ್ನು ಅವನು ಕಂಡಿರಲಿಲ್ಲ. ಅದರಿಂದ ಉಪಯೋಗವಾಗಲಿಲ್ಲ, ಅಷ್ಟೇ.

ಬುಧವಾರ, ಬೆಳ್ಳುಳ್ಳಿ ಬೆಳೆಯುವ ಊರಾದ ಗಿಲ್‌ರಾಯ್‌ಗೆ ಹೋಗುವ ದಿನ. ಅಂಗಡಿಯ ಬೆಳ್ಳುಳ್ಳಿಯನ್ನು ಅವನು ಅಲ್ಲಿನ ಒಂದು ಪ್ಯಾಕಿಂಗ್ ಶೆಡ್ಡಿನಿಂದಲೇ ವ್ಯಾನಿನಲ್ಲಿ ತರುತ್ತಿದ್ದ. ಊರು ಎರಡು ಮೈಲಿ ಇರುವಾಗಲೇ ವಾಸನೆ ವ್ಯಾನಿನೊಳಗೆ ಬಂದು ಕೂರುತ್ತಿತ್ತು. ಹೋದ ಬೇಸಿಗೆಯಲ್ಲಿ ಪ್ರತಿ ಬುಧವಾರ ತನ್ವಿಯೂ ಜೊತೆಗೆ ಬರುತ್ತಿದ್ದಳು. ಹೊಲದಲ್ಲಿ, ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆಂದು ಊರಂಚಿನಲ್ಲಿ ಒಂದು ಸಣ್ಣ ಕ್ಲಿನಿಕ್ಕಿತ್ತು; ಅವಳನ್ನು ಅಲ್ಲಿ ಇಳಿಸಿ ಇವನು ಶೆಡ್ಡಿಗೆ ಹೋಗಿ, ಬೆಳ್ಳುಳ್ಳಿ ತುಂಬಿಕೊಂಡು, ವಾಪಸು ಬಂದು ಹಾರ್ನ್ ಹೊಡೆಯುತ್ತಿದ್ದ. ಒಳಗೆ ಅವಳು ಡಾಕ್ಟರಿಕೆ ಕಲಿಯುತ್ತಿದ್ದಾಳೆ ಎಂದುಕೊಂಡಿದ್ದನೇ ಹೊರತು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ.

ಈ ಬುಧವಾರ ಬೆಳ್ಳುಳ್ಳಿ ತುಂಬಿದಮೇಲೆ ವ್ಯಾನನ್ನು ಕ್ಲಿನಿಕ್ಕಿನ ಮುಂದೆ ನಿಲ್ಲಿಸಿ, ಹಾರ್ನ್ ಹೊಡೆಯದೆ ಇಳಿದ. ನಾಲ್ಕನೆಯ ಕಡೆ ವಿಚಾರಿಸಲು ಇಳಿದ ಎಂದಿಟ್ಟುಕೊಳ್ಳಬೇಕು.

ಮುಂದಿನ ಮೇಜಿನಲ್ಲಿ ಕುಳಿತಿದ್ದ ವಯಸ್ಸಾದ ಮೆಕ್ಸಿಕನ್ ಹೆಂಗಸಿಗೆ ತಾನು ತನ್ವಿಯ ತಂದೆ ಎಂದ. ಅವಳು ಎದ್ದುನಿಂತಳು. ಅವನ ಕೈ ಹಿಡಿದು, ಕಾಯುತ್ತಿದ್ದ ರೋಗಿಗಳ ನಡುವೆಯೇ ದಾಟಿಸಿಕೊಂಡು, ಹಿಂದಿನ ಗೋಡೆಯ ಮುಂದೆ ನಿಲ್ಲಿಸಿದಳು.

ಗೋಡೆಯ ಮೇಲೆ ಗಿಲ್‌ರಾಯ್ ಸುತ್ತಮುತ್ತಲಿನ ದೊಡ್ಡ ನಕಾಶೆ. ಅದರ ತುಂಬ ಗುಂಡುಪಿನ್ನುಗಳು, ಕೆಂಪು, ನೀಲಿ. ಕೆಂಪು ರೋಗಿಗಳು ಬರುವ ಜಾಗ, ನೀಲಿ ಒಂದೆರಡು ಸಲ ಬಂದು ಆಮೇಲೆ ಬರುವುದನ್ನೇ ಬಿಟ್ಟವರ ಜಾಗ ಎಂದು ಆ ಹೆಂಗಸು ತಿಳಿಸಿದಳು. ಬಂದವರನ್ನೆಲ್ಲ ತನ್ವಿ ಕೇಳಿ ಕೇಳಿ ಚುಚ್ಚಿದ್ದಂತೆ. ಊರಾಚೆಯ ಒಂದು ರಸ್ತೆಯುದ್ದಕ್ಕೂ ನೀಲಿ ಪಿನ್ನುಗಳು ಇರುವೆ ಸಾಲಿನಂತಿದ್ದವು. ಆ ರಸ್ತೆಗೆ ಬಸ್ಸಿಲ್ಲ. ಇದನ್ನು ನೋಡಿದಮೇಲೆ ಕ್ಲಿನಿಕ್ಕಿನವರು ಮಂಗಳವಾರ ಅಲ್ಲಿಗೇ ಒಂದು ವ್ಯಾನು ಕಳಿಸುತ್ತಿದ್ದಾರೆ. ನೀಲಿಯಲ್ಲಿ ಅರ್ಧದಷ್ಟು ಈಗ ಕೆಂಪಾಗಿವೆ.

ಸಿದ್ಧಾರೂಢ ಮೂಗು ನಕಾಶೆಗೆ ತಾಗುವಷ್ಟು ಹತ್ತಿರ ಹೋದ. ಬೇಳೆ ಡಬ್ಬಗಳ ಹಿಂದಿನ ರಟ್ಟನ್ನು ತನ್ವಿ ಚಿಕ್ಕಂದಿನಲ್ಲಿ ಹೊರತೆಗೆದು ಚುಕ್ಕೆ ಎಣಿಸುತ್ತಿದ್ದುದು ನೆನಪಾಯಿತು. ಗಿರಾಕಿ ಎಲ್ಲಿಂದ ಬರುತ್ತಾನೆ, ಎಲ್ಲಿಂದ ಬರುವುದು ನಿಲ್ಲಿಸಿದ, ಯಾಕೆ ನಿಲ್ಲಿಸಿದ: ಇದು ಅವನಿಗೆ ಚೆನ್ನಾಗಿ ಅರ್ಥವಾಗುವ ವಿಷಯ. ಆದರೆ ಅರ್ಥವಾದಷ್ಟೂ ಗೊಂದಲ ಹೆಚ್ಚಿತು. ಇದು ಭೂಗೋಳವೋ, ಡಾಕ್ಟರಿಕೆಯೋ, ಕಿರಾಣಿ ವ್ಯಾಪಾರವೋ? ಕಿರಾಣಿ ವ್ಯಾಪಾರವಾದರೆ ಅದನ್ನು ಮನೆಯಲ್ಲೇ ಕಲಿಯಬಹುದಿತ್ತಲ್ಲ, ಬರ್ಕ್ಲಿಗೆ ಯಾಕೆ ಹೋಗಬೇಕಿತ್ತು?

ಆಗ ಅವನ ಕಣ್ಣಿಗೆ ಇನ್ನೊಂದು ಬಿತ್ತು. ಅವನು ಬೆಳ್ಳುಳ್ಳಿ ಕೊಳ್ಳುವ ಶೆಡ್ಡಿದ್ದ ಜಾಗದಲ್ಲಿ ಒಂದೂ ಪಿನ್ನಿಲ್ಲ. ಕೆಂಪೂ ಇಲ್ಲ, ನೀಲಿಯೂ ಇಲ್ಲ. ಆ ಶೆಡ್ಡಿನಲ್ಲಿ ನಲವತ್ತು ಜನ ಕೆಲಸ ಮಾಡುವುದನ್ನು ಅವನು ವಾರವಾರ ನೋಡುತ್ತಿದ್ದ. ಒಬ್ಬನಿಗೆ ಎರಡು ತಿಂಗಳಿಂದ ಕೆಮ್ಮು. ನಲವತ್ತು ಜನ ಗಿರಾಕಿಗಳು ರಟ್ಟಿನ ಮೇಲೆ ಇಲ್ಲದಿದ್ದರೆ ಯಾವ ವ್ಯಾಪಾರಿಗೆ ತಡೆದುಕೊಳ್ಳಲಾದೀತು? ಆ ಹೆಂಗಸಿಗೆ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದ. ಅವಳು ನಕಾಶೆಯನ್ನು ನೋಡಿದಳು, ಅವನನ್ನು ನೋಡಿದಳು, ಮೇಜಿನ ಖಾನೆಯಿಂದ ಒಂದು ಪಿನ್ನು ತಂದು ಅವನ ಕೈಗಿತ್ತಳು. ಒಮ್ಮೆಯೂ ಬಾರದವರಿಗೆ ಬಣ್ಣ ಗೊತ್ತುಮಾಡಿರಲಿಲ್ಲ. ಕೈಗೆ ಸಿಕ್ಕಿದ್ದು ಹಳದಿ. ಸಿದ್ಧಾರೂಢ ಅದನ್ನು ಶೆಡ್ಡಿನ ಮೇಲೆ ಚುಚ್ಚಿ, ಗಟ್ಟಿಯಾಗಿದೆಯೇ ಎಂದು ಒಮ್ಮೆ ಅಲುಗಿಸಿ ನೋಡಿ, ಹೊರಗೆ ಬಂದ.

ಶುಕ್ರವಾರ ಬೆಳಿಗ್ಗೆ ಅವನು ಅಂಗಡಿಯ ಬಾಗಿಲು ತೆಗೆದು ದೀಪ ಹಾಕುತ್ತಿದ್ದಂತೆ ಫೋನು ಬಂತು.

“ಅಪ್ಪಾ, ಕಾರಣ ಸಿಕ್ತಾ?”

“ನಾಕ್ ದಿನ ಹುಡುಕಿದೆವಾ. ಮೂರು ಮಂದೀನ ಕೇಳಿದೆ. ನಾಕ್ ಥರ ಹೇಳಿದ್ರು.” ಸ್ಟೂಲಿನ ಮೇಲೆ ಕುಳಿತ. “ಭೂಗೋಳ ಓದಿದ್ರ ಸೀಟ್ ಸಿಗೂದು ಗ್ಯಾರಂಟಿ ಏನು?”

“ಇಲ್ಲ.”

“ಬಯಾಲಜಿ ಓದಿದ್ರ?”

“ಅದೂ ಇಲ್ಲ ಅಪ್ಪಾ.”

“ಒಟ್ಟು ಎರಡೂ ಗ್ಯಾರಂಟಿ ಇಲ್ಲದ ಮಾಲು.”

“ಎರಡೂ.”

ಸಿದ್ಧಾರೂಢ ಅಂಗೈಯಲ್ಲಿ ಕೌಂಟರು ಒರೆಸಿದ. ಬೇಡ ಎಂದರೆ ಜಗಳವಿಲ್ಲದೆ ಬಯಾಲಜಿ ಬರೆಯುತ್ತಾಳೆ. ಹುಡುಗಿ ಮಾತಿಗೆ ತಪ್ಪುವವಳಲ್ಲ. ಅದೇ ಕಷ್ಟವಾಗಿತ್ತು. ಚೌಕಾಸಿ ಮಾಡುವ ಗಿರಾಕಿಯನ್ನು ಅವನು ಸಂಭಾಳಿಸಬಲ್ಲ, ಹೇಳಿದ ಬೆಲೆಗೆ ಒಪ್ಪಿಕೊಳ್ಳುವವರ ಮುಂದೆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ.

“ನಾ ಕಾಮರ್ಸ್ ಯಾಕ್ ತಗೊಂಡೆ ಗೊತ್ತೇನವಾ?”

“ಗೊತ್ತು. ವ್ಯಾಪಾರ ಈಸ್ ಇನ್ ಅವರ್ ಬ್ಲಡ್.”

“ರಕ್ತಾ ಅಲ್ಲವಾ. ನೆರಳು.”

“ಏನು?”

“ಹತ್ತನೇದ್ದು ಮುಗಿಸಿ ಪಿಯುಸಿ ಅರ್ಜಿ ಕೊಡಾಕ ಹೋಗಿದ್ದೆ. ಕಾಲೇಜಿನ ಅಂಗಳದಾಗ ಮೂರು ಸಾಲು. ಸೈನ್ಸ್ ಸಾಲು ಬಿಸಿಲಾಗ ಇತ್ತು. ಆರ್ಟ್ಸ್ ಸಾಲು ಪಾಯಖಾನಿ ಬಾಜೂಕ. ಕಾಮರ್ಸ್ ಸಾಲು ಬೇವಿನ ಗಿಡದ ಕೆಳಗ. ನಾ ಬೇವಿನ ಗಿಡದ ಕೆಳಗ ನಿಂತೆ. ಅಷ್ಟ.”

ತನ್ವಿ ನಕ್ಕಳು. ನಕ್ಕು ನಕ್ಕು ಕೆಮ್ಮಿದಳು. “ಅಮ್ಮಂಗೆ ಗೊತ್ತಾ?”

“ನಿಮ್ಮವ್ವಗ ಹೇಳಬ್ಯಾಡ. ಅದಕ್ಕ ಹೇಳಾಕತ್ತೀನಿ, ನೋಡು, ಬ್ಯಾಡ ಅನ್ನಾಕ ನನ್ನ ಕಡೆ ಕಾರಣ ಇಲ್ಲ. ಹೌದು ಅನ್ನಾಕೂ ತಿಳಿವಲ್ದು. ನೀ ಬಿಸಿಲು ನೆರಳು ನೋಡಿ ನಿಂತಾಕಿ ಅಲ್ಲ, ಅಷ್ಟ ತಿಳೀತು. ಭೂಗೋಳನ ಬರಿ. ಆದ್ರ ಕೆಮಿಸ್ಟ್ರಿ ಬಿಟ್ಟಿ ಅಂದ್ರ ನಾ ಬರ್ಕ್ಲಿಗೇ ಬಂದ್ ಕೂಡ್ತೀನಿ.”

“ಬಿಡಲ್ಲ ಅಪ್ಪಾ. ಪ್ರಾಮಿಸ್.”

“ಇನ್ನೊಂದು. ನಿನ್ನ ನಕಾಶೆದಾಗ ಬೆಳ್ಳುಳ್ಳಿ ಶೆಡ್ ಬಿಟ್ಟಿದ್ದಿ. ನಲವತ್ತು ಮಂದಿ ಅದಾರ ಅಲ್ಲಿ. ನಾ ಹಚ್ಚಿ ಬಂದೀನಿ.”

“ನೀ ಒಳಗೆ ಹೋಗಿದ್ಯಾ?” ಎಂದಳು ತನ್ವಿ, ಸಣ್ಣ ದನಿಯಲ್ಲಿ.

“ಗಿರಾಕಿ ಬಂದ್ರು, ಇಡ್ತೀನಿ,” ಎಂದು ಸಿದ್ಧಾರೂಢ ಫೋನಿಟ್ಟ. ಗಿರಾಕಿ ಯಾರೂ ಬಂದಿರಲಿಲ್ಲ.

ಫೋನಿಟ್ಟವನು ತಲೆಯೆತ್ತಿದರೆ ಫ್ಲೆಕ್ಸು. ಇಳಿಸಿಬಿಡೋಣವೆಂದು ಅಕ್ಕಿ ಚೀಲ ಹತ್ತಿದ. ಇಳಿಸಿದರೆ ಬಂದವರಿಗೆಲ್ಲ ಯಾಕೆ ಇಳಿಸಿದೆ ಎಂದು ಹೇಳಬೇಕು. ಹುಬ್ಬಳ್ಳಿಗೆ ಸುದ್ದಿ ಹೋಗಿ ದಲಾಲ ಮುನಿಸಿಕೊಂಡರೆ ಈ ವರ್ಷದ ಬ್ಯಾಡಗಿ ಮೆಣಸಿನಕಾಯಿ ಗತಿ ಏನು? ಹಾಗೇ ಬಿಟ್ಟರೆ ನಾಳೆ ಇನ್ನೊಬ್ಬರು ಮಂಡಿ ತರುತ್ತಾರೆ. ಬಹಳ ಹೊತ್ತು ಅಕ್ಕಿ ಚೀಲದ ಮೇಲೆ ನಿಂತಿದ್ದು, ಬೆಲೆ ಬರೆಯುವ ದೊಡ್ಡ ಬಿಳಿ ಲೇಬಲ್ಲೊಂದನ್ನು ತೆಗೆದು ‘ಮೆಡಿಕಲ್ ಸೀಟು’ ಎಂಬ ಎರಡು ಪದಗಳ ಮೇಲೆ ಅಂಟಿಸಿದ. ಮಾರ್ಕರ್ ಪೆನ್ನಿನ ಮುಚ್ಚಳ ಬಿಚ್ಚಿದ. ‘ಭೂಗೋಳ’ ಎಂದು ಬರೆದರೆ ಅದಕ್ಕೆ ಯಾರೂ ಅಭಿನಂದನೆ ಹೇಳುವುದಿಲ್ಲ. ‘ಡಾಕ್ಟರ್’ ಎಂದು ಬರೆಯುವಂತಿಲ್ಲ. ‘ಮೇಬಿ’ ಎಂದು ಬರೆಯಲು ಕೈ ಬರಲಿಲ್ಲ. ಮುಚ್ಚಳ ಹಾಕಿ ಕೆಳಗಿಳಿದ.

ಹನ್ನೊಂದು ಗಂಟೆಗೆ ರಘೋತ್ತಮ ಮೇಷ್ಟ್ರು ಬಂದರು. ಗೋಡೆಯ ಮೇಲೆ ಅಕ್ಷರ ಕಂಡರೆ ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಕನ್ನಡಕ ಏರಿಸಿ ಓದಿದರು.

“ಅಮೆರಿಕದ ಬರ್ಕ್ಲಿಯಲ್ಲಿ... ಪಡೆದ ಕುಮಾರಿ ತನ್ವಿಗೆ ಹಾರ್ದಿಕ ಅಭಿನಂದನೆಗಳು. ಏನ್ರೀ ಇದು, ಏನು ಪಡೆದದ್ದು?”

“ಆಮ್ಯಾಲೆ ಬರೀತೀನ್ರಿ ಸರ್,” ಎಂದ ಸಿದ್ಧಾರೂಢ.

“ಆಮೇಲೆ ಅಂದ್ರೆ ಯಾವಾಗ?”

“ಅದ ನನಗೂ ತಿಳಿವಲ್ದು.”

ಮೇಷ್ಟ್ರು ಖಾಲಿ ಲೇಬಲ್ಲನ್ನು ಇನ್ನೊಮ್ಮೆ ನೋಡಿ, ತಮ್ಮ ಎಡಮಂಡಿಯನ್ನು ಸವರಿಕೊಂಡರು. “ಹಾಗಾದ್ರೆ ನನ್ನ ಮಂಡಿ?”

ಸಿದ್ಧಾರೂಢ ಒಂದು ನಿಂಬೆಹಣ್ಣು ಆರಿಸಿ ಅವರ ಮುಂದಿಟ್ಟ. “ಮನಿಯಿಂದ ಇಲ್ಲಿಗೆ ಯಾವ ದಾರೀಲೆ ನಡ್ಕೊಂಡ್ ಬರ್ತೀರಿ ಸರ್? ನಡುವ ಎಷ್ಟ್ ಮೆಟ್ಟಿಲು ಅದಾವ?” ಎಂದು ಕೇಳಿ, ಕೌಂಟರಿನ ಕೆಳಗಿನಿಂದ ಖಾಲಿ ರಟ್ಟೊಂದನ್ನು ಎಳೆದುಕೊಂಡ.